ದಿನಾ ತೂಕ ಕೇಳುತ್ತಿದ್ದ ನರ್ಸಮ್ಮ

ಹೃದಯ ದುರ್ಬಲವಾಗಿದ್ದ ನಮ್ಮಕ್ಕನನ್ನು ಕೊಳ್ಳೇಗಾಲದ ಆಸ್ಪತ್ರೆಯ ಸಂಶೋಧನೆಯೊಂದಕ್ಕೆ ಸೇರಿಸಿಕೊಂಡಿದ್ದರು. ಮೈಯಲ್ಲಿ ನೀರು ತುಂಬುವುದನ್ನು ತೂಕದಿಂದಲೇ ಮೊದಲು ಹಿಡಿಯಬಹುದೇ ಎಂದು ನೋಡುವ ಕೆಲಸ ಅದು. ಅಲ್ಲಿನ ನರ್ಸಮ್ಮ ದಿನಾ ಬೆಳಿಗ್ಗೆ ಫೋನು ಮಾಡಿ, ಪೆನ್ನಿನ ಮುಚ್ಚಳ ಕಚ್ಚಿಕೊಂಡವರ ದನಿಯಲ್ಲಿ, "ಮಿಷನ್ನು ತೋರ್ಸಿದ್ನ ಹೇಳಿ ಸಾ, ಅಷ್ಟೇ ಸಾಕು" ಎನ್ನುತ್ತಿದ್ದರು.

ನಾನು ಹೊನ್ನೂರಿನ ಬೆಲ್ಲದ ವ್ಯಾಪಾರಿ. ಮೂಟೆ ತೂಗಿದರೆ ಚೀಲದ ತೂಕ ಕಳೆಯದೆ ಬಿಟ್ಟವನಲ್ಲ. ಅಕ್ಕನ ತೂಕ ಎರಡು ಕಿಲೋ ಏರಿದಾಗಲೂ ಸೀರೆ, ಬಳೆ, ಕುಡಿದ ಕಾಫಿ ಎಂದು ಕಳೆದು ಹಳೇ ತೂಕವನ್ನೇ ಹೇಳಿದೆ.

ಮೂರನೇ ದಿನವೂ ಅದೇ ತೂಕ ಕೇಳಿ ಆಕೆ, "ಅಕ್ಕೋರ್ ಕಾಲುಂಗ್ರ ಬಿಗಿಯಾಗಿ ಅದಾ ನೋಡಿ" ಎಂದರು. ಬೆರಳು ಊದಿ ಉಂಗುರ ಹೂತುಹೋಗಿತ್ತು. ನಿಜ ಹೇಳಿದೆ.

"ನಿಮ್ಮಕ್ಕ ಏನ್ ಬೆಲ್ಲದ್ ಮೂಟೆನಾ ಸಾ? ಈಗ್ಲೇ ಕೊಳ್ಳೇಗಾಲಕ್ಕೆ ಕರ್ಕಂಡ್ ಬನ್ನಿ."

ಹೃದಯಕ್ಕೆ ರಕ್ತ ತಳ್ಳುವ ಪಂಪು ಕೂರಿಸಬೇಕಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದೇ ಭಯದಲ್ಲಿ ಹೋದೆವು. ಸೂಜಿಮದ್ದಿಗೆ ಎರಡು ದಿನದಲ್ಲಿ ನೀರಿಳಿಯಿತು. "ಸದ್ಯಕ್ಕೆ ಪಂಪು ಬ್ಯಾಡ್ವಂತೆ ಸಾ" ಎಂದರು ನರ್ಸಮ್ಮ. ನೀವೂ ವ್ಯಾಪಾರಸ್ಥರಾದರೆ ಕೇಳಿ: ರೋಗಿಯ ತೂಕದಲ್ಲಿ ಚೌಕಾಸಿ ಬೇಡ.

ಮಲಗಿದರೆ ಉಬ್ಬಸ ಬರುತ್ತದೆಂದು ನಾಲ್ಕೈದು ದಿನದಿಂದ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ ಅಕ್ಕನಿಗೆ ಅಂದು ಮಧ್ಯಾಹ್ನ ಕಣ್ಣು ಹತ್ತಿತು. ನರ್ಸಮ್ಮ ಅವಳ ಬೆನ್ನ ಹಿಂದಿನ ದಿಂಬುಗಳನ್ನು ಒಂದೊಂದಾಗಿ ತೆಗೆದರು. ಅಕ್ಕನಿಗೆ ಉಬ್ಬಸ ಬರಲಿಲ್ಲ, ಗೊರಕೆ ಬಂತು.