ಎರೆದವರ ಸೀರೆ

ಇವತ್ತು ಮೊಮ್ಮಗಳ ಕೂಸಿಗೆ ನೀರು ಎರೆದು ಸಾಂಬ್ರಾಣಿ ಹಾಕಿದ್ದರು. ಹೊಗೆ ನನ್ನ ಕೋಣೆಗೂ ಬಂತು. ಅದರ ಜೊತೆಗೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿಂದಿನ ಮನೆಯಲ್ಲಿದ್ದ ಅಜ್ಜಿ ನೆನಪಾದರು...

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಜ್ಜಿ ವಿಧವೆ, ತಮ್ಮನ ಆಸರೆಯಲ್ಲಿದ್ದರು. ಒಬ್ಬನೇ ಮಗ ಮದುವೆಯಾದ ಮೇಲೆ ಜಗಳವಾಡಿಕೊಂಡು ಕೆಂಗೇರಿಗೆ ಹೋದವನು ತಿರುಗಿಯೂ ನೋಡಿರಲಿಲ್ಲ. ತಮ್ಮನ ಹೆಂಡತಿ ಹಾಕಿದ್ದನ್ನು ಉಂಡು ಗೋಡೆಗೆ ಒರಗಿ ಕೂತಿರುತ್ತಿದ್ದರು.

ನನ್ನ ತಮ್ಮ ಹುಟ್ಟಿದಾಗ ಎರೆಯುವವರು ಸಿಗದೆ ಅಮ್ಮ ಅವರನ್ನೇ ಕೇಳಿದಳು. ಸೆರಗು ಸಿಕ್ಕಿಸಿ, ಕಾಲು ಚಾಚಿ, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರೆಂದರೆ ಅಜ್ಜಿ ಬೇರೆಯೇ ಹೆಂಗಸು. ಗದರುತ್ತಿದ್ದರು, ನಗುತ್ತಿದ್ದರು. ಬಾಣಂತನ ಮುಗಿದ ದಿನ ಅಮ್ಮ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು, ಮೇಲೊಂದು ಸೀರೆಯಿಟ್ಟು ಕೊಟ್ಟಳು. ಹೊರಗಿನಿಂದ ಬಂದು ಎರೆದವರಿಗೆ ಹಾಗೆ ಕೊಟ್ಟು ಕಳಿಸುವುದು ನಮ್ಮಲ್ಲಿನ ಪದ್ಧತಿ. ಮನೆಯವರಿಗೆ ಯಾರೂ ಮೊರ ಕೊಡುವುದಿಲ್ಲ.

ಆಮೇಲೆ ನಮ್ಮ ಬೀದಿಯ ಕೂಸುಗಳೆಲ್ಲ ಅಜ್ಜಿಯ ಕಾಲ ಮೇಲೆಯೇ ಮಿಂದವು. ಸಿಕ್ಕ ಸೀರೆಗಳು ಮಾತ್ರ ಅವರ ತಮ್ಮನ ಹೆಂಡತಿಯ ಪೆಟ್ಟಿಗೆ ಸೇರಿದವು.

ಸುದ್ದಿ ಕೆಂಗೇರಿಗೂ ಮುಟ್ಟಿತೋ ಏನೋ, ಮಗ ಬಂದ. ಅವನ ಹೆಂಡತಿ ಹೆತ್ತಿದ್ದಳು, ಬಾಣಂತನ ಮಾಡಲು ಅವಳಿಗೆ ತಾಯಿಯಿರಲಿಲ್ಲ.

"ಬಾಮ್ಮ, ಮನೆಗೆ ಹೋಗೋಣ," ಅಂದ.

ಮನೆಗೆ ಎಂದನಲ್ಲ, ಅಜ್ಜಿಗೆ ಅಷ್ಟೇ ಸಾಕಾಯಿತು. ಇದ್ದ ಹಳೆಯ ಸೀರೆಗಳನ್ನೆಲ್ಲ ಹರಿದು, ಮೊಮ್ಮಗನಿಗೆ ಮೆತ್ತನೆಯ ಬಟ್ಟೆ ಮಾಡಿ ಗಂಟು ಕಟ್ಟಿದರು.

"ಉಡೋಕೆ ಏನ್ ಮಾಡ್ತೀರಿ?" ಅಮ್ಮ ಕೇಳಿದಳು.

"ಮಗ ಇದಾನಲ್ಲ ಕಣೇ," ಅಂದರು. ಅವರು ಅಷ್ಟು ಜಂಬದಿಂದ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಸೊಸೆ ಎದ್ದು ಓಡಾಡುವಂತಾದ ಮೇಲೆ, ಒಂದು ಮಧ್ಯಾಹ್ನ ಅಜ್ಜಿ ಒಬ್ಬರೇ ವಾಪಸು ಬಂದರು. ಕೈಯಲ್ಲಿ ಮೊರ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಮೇಲೊಂದು ಸೀರೆ. ಅಮ್ಮ ಮೊರವನ್ನೇ ನೋಡಿದಳು.

"ಒಂಚೂರೂ ಕಮ್ಮಿ ಮಾಡಿಲ್ಲ ಕಣೇ. ನೀನು ಕೊಟ್ಟ ಹಾಗೇ ಕೊಟ್ಟಿದಾನೆ," ಎಂದರು ಅಜ್ಜಿ.

ಆ ಮಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬೈದು ಅಟ್ಟಿದ್ದರೂ ಅವರು ತಾಯಿಯಾಗಿಯೇ ಉಳಿಯುತ್ತಿದ್ದರು. ಮರ್ಯಾದೆ ಮಾಡಿ ಕೂಲಿಯವಳನ್ನಾಗಿ ಮಾಡಿಬಿಟ್ಟ. ಅಜ್ಜಿ ಆ ಸೀರೆಯನ್ನೇ ಉಟ್ಟರು, ಬದಲಿಸಲು ಬೇರೆ ಎಲ್ಲಿತ್ತು? ಮತ್ತೆ ಯಾರ ಕೂಸನ್ನೂ ಮುಟ್ಟಲಿಲ್ಲ. ಕರೆದರೆ ಕೈಯಲ್ಲಿ ಬಲವಿಲ್ಲ ಎನ್ನುತ್ತಿದ್ದರು. ಅದೇ ಗೋಡೆಗೆ ಒರಗಿ ಕೂತು ಕೂತು, ಒಂದು ದಿನ ಹೋಗಿಬಿಟ್ಟರು... ಕೊಳ್ಳಿಯಿಡಲು ಮಗ ಬಂದಿದ್ದ.

ಇವತ್ತು ನಮ್ಮ ಮನೆಯಲ್ಲೂ ಬಾಣಂತನ ಮುಗಿಯಿತು. ಮೊಮ್ಮಗಳು ಎರಡು ಸೀರೆ ತಂದು ಒಂದೇ ತಟ್ಟೆಯಲ್ಲಿಟ್ಟಳು.

"ಅಜ್ಜಿ, ಎರೆಯೋ ಆಂಟಿಗೆ ಒಂದು, ನಿಮಗೊಂದು."

"ನನಗೆ ಬೇಡ ಕಣೇ," ಎಂದೆ, ಸ್ವಲ್ಪ ಜೋರಾಗಿಯೇ. ಅವಳ ಮುಖ ಸಣ್ಣಗಾಯಿತು. ಒಳ್ಳೆಯ ಹುಡುಗಿ, ಪ್ರೀತಿಯಿಂದಲೇ ತಂದಿದ್ದಳು. ಆದರೂ ಆ ತಟ್ಟೆಯಿಂದ ಸೀರೆ ಎತ್ತಿಕೊಳ್ಳಲು ನನಗೆ ಕೈ ಬರಲಿಲ್ಲ.