ನಾರ್ಬರ್ಟಣ್ಣನ ಕಿವಿ

ನಾರ್ಬರ್ಟ್ ಮಸ್ಕರೇನಸ್ ಲಿಫ್ಟಿನ ರೋಗವನ್ನು ಕಿವಿಯಿಂದಲೇ ಹೇಳುತ್ತಿದ್ದರು. ಮಲೇಶಿಯಾದ ಪೆಟಾಲಿಂಗ್ ಜಯಾದ ಯಾವುದೋ ಇಪ್ಪತ್ತು ಮಾಳಿಗೆಯ ಕಟ್ಟಡದ ತುದಿಗೆ ಹತ್ತಿ, ಲಿಫ್ಟಿನ ಮೋಟಾರಿಗೆ ಉದ್ದದ ಸ್ಕ್ರೂಡ್ರೈವರಿನ ಮೊನೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರೆ ಅರ್ಧ ನಿಮಿಷದಲ್ಲಿ ಬೇರಿಂಗ್ ಹೋಗಿದೆಯೋ ಬ್ರೇಕ್ ಉಜ್ಜುತ್ತಿದೆಯೋ ಹೇಳಿಬಿಡುವರು. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಮಂಗಳೂರಿನಲ್ಲಿ ಐಟಿಐ ಮುಗಿಸಿ, ಅಲ್ಲೇ ಕೆಲ ವರ್ಷ ಕೆಲಸ ಮಾಡಿ ಬಂದವರು, ಇಪ್ಪತ್ತೆರಡು ವರ್ಷ ಒಂದೇ ಲಿಫ್ಟ್ ಕಂಪನಿಯಲ್ಲಿ ದುಡಿದು ಸೂಪರ್‌ವೈಸರ್ ಆಗಿದ್ದರು. ಆ ಕೆಲಸವನ್ನು ಅವರ ಕೈತಪ್ಪಿಸಿದವಳು ನಾನು. ಸುತ್ತುಬಳಸಿ ಹೇಳುವ ಅಭ್ಯಾಸ ನನಗಿಲ್ಲ, ಹಾಗಾಗಿ ಮೊದಲೇ ಹೇಳಿಬಿಟ್ಟಿದ್ದೇನೆ.

ನಾನು ಅನಿತಾ. ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಕಡೆಯ ಮನೆತನ. ಕನ್ನಡ ಕೀರ್ತನೆಯನ್ನು ನಾಲ್ಕು ಬೇರೆ ಬೇರೆ ಸ್ವರದ ಸಾಲುಗಳಲ್ಲಿ ಒಟ್ಟಿಗೆ ಹಾಡುವುದು ನಮಗೆ ಬೆಳಗಿನ ಗಂಜಿಯಷ್ಟೇ ರೂಢಿ. ಪೆಟಾಲಿಂಗ್ ಜಯಾದಲ್ಲಿ ನಾವು ಹದಿನಾಲ್ಕು ಜನರ ಒಂದು ಗಾಯನ ತಂಡ ಕಟ್ಟಿಕೊಂಡಿದ್ದೆವು. ಹೆಚ್ಚಿನವರು ಮಂಗಳೂರಿನ ಕೆಥೊಲಿಕರು. ನನ್ನಂಥ ಪ್ರೊಟೆಸ್ಟಂಟರು ಮೂವರು. ಮೈಸೂರಿನ ವಿನಯ ಒಬ್ಬ, ಪುತ್ರಜಯಾದ ಪಕ್ಕದ ಐಟಿ ಕಂಪನಿಯವನು, ಸ್ವರ ಚೆನ್ನಾಗಿದೆ ಎಂದು ನಾವೇ ಎಳೆದುಕೊಂಡದ್ದು. ತಂಡದ ಯಜಮಾನಿಕೆ ನನ್ನದು. ಯಾರ ಸ್ವರ ಕೂದಲೆಳೆಯಷ್ಟು ಜಾರಿದರೂ ನನಗೆ ತಿಳಿಯುತ್ತದೆ ಎಂಬ ಹೆಸರಿತ್ತು, ಆ ಹೆಸರಿನ ಸೊಕ್ಕೂ ಇತ್ತು.

ನಾರ್ಬರ್ಟಣ್ಣ ನಮ್ಮ ಬಾಸ್, ಎಂದರೆ ಎಲ್ಲರಿಗಿಂತ ಕೆಳಗಿನ ಗಂಡು ಸ್ವರ. ಹಾಡು ಅವರಿಗೆ ಎಷ್ಟು ಪ್ರೀತಿಯೋ ಹಾಡಿನ ಚರಿತ್ರೆ ಅದಕ್ಕಿಂತ ಹೆಚ್ಚು. ಯಾರೂ ಕಲಿಸಿದ್ದಲ್ಲ, ಹಳೆಯ ಪುಸ್ತಕದಂಗಡಿಯಿಂದ ದಪ್ಪ ದಪ್ಪ ಪುಸ್ತಕ ತಂದು, ಕಟ್ಟಡದ ತುದಿಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಓದಿದ್ದು. ಭಾನುವಾರ ಅಭ್ಯಾಸಕ್ಕೆ ಸೇರಿದರೆ ಹಾಡಿನ ಮೊದಲು ಹತ್ತು ನಿಮಿಷ ಅವರ ಪಾಠ. ಸಾವಿರ ವರ್ಷದ ಹಿಂದೆ ಸನ್ಯಾಸಿಗಳು ಮಠದಲ್ಲಿ ಎಲ್ಲರೂ ಒಂದೇ ಸ್ವರದ ಸಾಲನ್ನು ಹಾಡುತ್ತಿದ್ದರು ಎಂದು ಒಂದು ವಾರ. ಆ ಸಾಲಿನ ಮೇಲೆ ಇನ್ನೊಂದು ಸಾಲು ಏರಿಸುವ ಧೈರ್ಯ ಯಾವನಿಗೋ ಬಂದಿತು ಎಂದು ಮುಂದಿನ ವಾರ. ಮೇಲಿನವರು ಸ್ವರಗಳನ್ನು ಕುಣಿಸುವಾಗ ಕೆಳಗಿನವನು ಒಂದೇ ಸ್ವರವನ್ನು ಉಸಿರು ಕಟ್ಟಿ ಹಿಡಿದು ನಿಲ್ಲಬೇಕಾಗಿತ್ತಂತೆ. ಅದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ನಾವು ಗಡಿಯಾರ ನೋಡುತ್ತಿದ್ದೆವು.

"ಮೇಲೆ ಎಷ್ಟು ಬೇಕಾದ್ರೂ ಕುಣೀರಿ, ಬಾಸ್ ಅಲುಗಿದ್ರೆ ಮನೆ ಬಿತ್ತು" ಎನ್ನುವರು.

"ಮನೆ ಬೀಳ್ಲಿ ನಾರ್ಬರ್ಟಣ್ಣ, ಮಾಮಕ್ ಅಂಗಡಿಯಲ್ಲಿ ರೊಟಿ ಚನಾಯ್ ಮುಗಿದ್ರೆ ಎಂಥ ಮಾಡೋದು?" ಎಂದು, ಅಭ್ಯಾಸ ಮುಗಿಸಿ ನಾವು ಪರೋಟ ತಿನ್ನಲು ಹೋಗುವ ಹೋಟೆಲನ್ನು ನೆನೆದು ನಾನು ಕೇಳಿದರೆ ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಅವರ ಹೆಂಡತಿ ಅನ್ನಿಯಕ್ಕ ಹಾಡುವವಳಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ಗಂಡನ ಪಾಠವನ್ನು ಕೊನೆಯ ತನಕ ಕೇಳುತ್ತಿದ್ದವಳು ಅವಳೊಬ್ಬಳೇ.

೨೦೨೦ರ ಮಾರ್ಚಿನಲ್ಲಿ ಊರಿಗೆ ಬೀಗ ಬಿತ್ತು. ಸೇರಿ ಹಾಡುವ ಹಾಗಿಲ್ಲ. ಹಾಡಿದರೇ ರೋಗ ಹರಡುತ್ತದೆ ಎಂದು ಹೇಳಿದ ಕಾಲ ಅದು. ನಾರ್ಬರ್ಟಣ್ಣ ಪಾಠವನ್ನು ವಾಟ್ಸ್ಯಾಪಿಗೆ ಸಾಗಿಸಿದರು. ದಿನಕ್ಕೊಂದು ಉದ್ದದ ಸಂದೇಶ. ಬೆರಳಲ್ಲಿ ಮೇಲೆ ತಳ್ಳಿದಷ್ಟೂ ಮುಗಿಯದು. ಯಾರೂ ಓದುತ್ತಿರಲಿಲ್ಲ. ಏನೂ ಹೇಳದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಾನೊಬ್ಬಳು ಕೆಳಗೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ. ಅದು ನನ್ನ ಸೌಜನ್ಯ.

ಆ ವರ್ಷದ ಕ್ರಿಸ್‌ಮಸ್ಸಿಗೆ ವಿಡಿಯೊ ಮಾಡೋಣ ಎಂದಾಯಿತು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಹಾಡಿ ಫೋನಿನಲ್ಲಿ ಹಿಡಿದು ಕಳಿಸುವುದು, ಹದಿನಾಲ್ಕು ಮುಖಗಳನ್ನು ಚೌಕ ಚೌಕವಾಗಿ ಜೋಡಿಸಿ ವಿನಯ ಒಂದು ಹಾಡು ಮಾಡುವುದು. ಹಾಡು ಮುನ್ನೂರು ವರ್ಷ ಹಿಂದಿನದು, ಜರ್ಮನಿಯ ಒಂದು ಕೀರ್ತನೆ. ಮಾತು ಮಾತ್ರ ನಮ್ಮ ಕನ್ನಡದ್ದು. ನಾನು ಕೀಬೋರ್ಡಿನಲ್ಲಿ ನುಡಿಸಿ ಒಂದು ಟ್ರ್ಯಾಕ್ ಕಳಿಸಿದೆ. ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತ ಎಲ್ಲರೂ ಅದರ ಜೊತೆಗೆ ಹಾಡಬೇಕು.

ಹದಿಮೂರು ಫೈಲುಗಳು ಜೋಡಿಯಾದವು. ಹದಿನಾಲ್ಕನೆಯದಾಗಿ ನಾರ್ಬರ್ಟಣ್ಣನದನ್ನು ಸೇರಿಸಿದ ಕೂಡಲೇ ಹಾಡು ಕೆಟ್ಟಿತು. ಎರಡು ಲಾರಿ ಒಟ್ಟಿಗೆ ಹಾರ್ನ್ ಹಾಕಿದ ಹಾಗಿತ್ತು.

"ಮೇಡಂ, ಇವ್ರ ವಾಯ್ಸ್ ಒಬ್ರದ್ದೇ ಒಂದ್ಸಲ ಕೇಳ್ಬಿಡಿ, ಕಳಿಸ್ಲಾ?" ಎಂದು ವಿನಯ ಫೋನಿನಲ್ಲಿ ಕೇಳಿದ.

"ಎಂಥದಕ್ಕೆ? ಕೇಳ್ತಾ ಉಂಟಲ್ಲ. ಮ್ಯೂಟ್ ಮಾಡು."

"ಪಾಪ, ಅವ್ರಿಗೆ ಹೇಳ್ಬೇಕಲ್ವಾ?"

"ಮುಖ ಇರ್ಲಿ. ಬಾಯಿ ಆಡೋದು ಕಾಣ್ತದಲ್ಲ, ಸಾಕು."

ಅಷ್ಟಕ್ಕೇ ಬಿಡಬಹುದಿತ್ತು. ನಾರ್ಬರ್ಟಣ್ಣ ಮತ್ತು ಅನ್ನಿಯಕ್ಕ ಇಲ್ಲದ ಇನ್ನೊಂದು ಗುಂಪು ನಮಗಿತ್ತು. ಕೆಟ್ಟ ಭಾಗದ ಹತ್ತು ಸೆಕೆಂಡನ್ನು ವಿನಯನಿಂದ ಕೇಳಿ ಪಡೆದು ಆ ಗುಂಪಿಗೆ ಹಾಕಿದವಳು ನಾನೇ. ತಂಡದ ಹುಡುಗಿ ಜೆನಿಶಾ "ಅಂಕಲ್ ಸೋ ಆಫ್ ಲಾ" ಎಂದು ಇಲ್ಲಿನವರ ಇಂಗ್ಲಿಷಿನಲ್ಲಿ ಬರೆದಳು, ಅಂಕಲ್ ಪೂರ್ತಿ ಅಪಶ್ರುತಿ ಎಂದು. ಕಣ್ಣೀರು ಬರುವಷ್ಟು ನಗುವ ಮುಖಗಳು ಸಾಲಾಗಿ ಬಂದವು. ಹೊರಗೆ ಜನ ಸಾಯುತ್ತಿದ್ದರು, ನಮಗೆ ನಗಲು ಏನಾದರೂ ಬೇಕಿತ್ತು ಎಂದು ಈಗ ಸಬೂಬು ಹೇಳಬಹುದು. ನಿಜವೇನೆಂದರೆ, ಅಷ್ಟೆಲ್ಲ ಪಾಠ ಹೇಳುವವನ ಕಾಲು ಜಾರಿತಲ್ಲ ಎಂದು ನಮಗೆ ಖುಷಿಯಾಗಿತ್ತು.

ಕ್ರಿಸ್‌ಮಸ್ ಮರುದಿನ ಅವರ ಫೋನ್ ಬಂತು.

"ಅನಿತಾ, ವಿಡಿಯೊ ಚಂದ ಬಂದಿದೆ ಆಯ್ತಾ. ಬಾಸ್ ಮಾತ್ರ ನನಗೆ ಕೇಳೋದೇ ಇಲ್ಲ. ನನ್ನ ಫೋನಿನ ಸ್ಪೀಕರ್ ಹೋಗಿದೆಯೋ ಏನೋ."

"ಸ್ಪೀಕರ್ ಸರಿ ಉಂಟು ನಾರ್ಬರ್ಟಣ್ಣ. ನಿಮ್ಮದನ್ನು ಮ್ಯೂಟ್ ಮಾಡಿದ್ದು."

"ಯಾಕೆ?"

"ಶ್ರುತಿ ಇಲ್ಲ."

"ಎಲ್ಲಿ? ಎರಡನೇ ಸಾಲಲ್ಲಾ? ಅಲ್ಲಿ ನನಗೆ ಉಸಿರು ಸಾಕಾಗ್ಲಿಲ್ಲ."

"ಎಲ್ಲಿಯೂ ಇಲ್ಲ. ಮೊದಲ ಸ್ವರದಿಂದ ಕೊನೆ ತನಕ ಒಂದೂ ಸರಿ ಇಲ್ಲ. ವಯಸ್ಸಾಗ್ತಾ ಬಂತಲ್ಲ, ಒಮ್ಮೆ ಕಿವಿ ತೋರಿಸಿ."

ಅವರು "ನಮ್ಮ ಅಪ್ಪನಿಗೂ ಅರವತ್ತರ ಒಳಗೆ ಕಿವಿ ಹೋಗಿತ್ತು" ಎಂದು, ಯಾರದೋ ವಿಷಯ ಹೇಳಿದ ಹಾಗೆ ಹೇಳಿ ಫೋನ್ ಇಟ್ಟರು. ಅವರಿಗೆ ಆಗ ಐವತ್ತೆಂಟು. ಸಂಜೆ ಗುಂಪಿನಿಂದ ಹೊರಗೆ ಹೋದರು. ಉದ್ದದ ಸಂದೇಶಗಳು ನಿಂತವು. ನನಗೆ ಫೋನ್ ಹಗುರವಾದಂತಾಯಿತು.

ಮಾರ್ಚಿನಲ್ಲಿ ಅನ್ನಿಯಕ್ಕ ಫೋನ್ ಮಾಡಿದಳು. ಗಂಡ ಕೆಲಸ ಬಿಟ್ಟರು ಎಂದಳು.

"ಯಾಕಕ್ಕ? ಕಂಪನಿಯವರು ತೆಗೆದ್ರಾ?"

"ತೆಗೀಲಿಲ್ಲ. ಬೇಡ ಬೇಡ ಅಂತ ಹೇಳಿದ್ರು. ಇವರೇ ಬರೆದು ಕೊಟ್ಟದ್ದು. ನೀನು ಹೇಳಿದ ಮೇಲೆ ಆ ಹಾಡನ್ನು ಎಷ್ಟು ಸಲ ಕೇಳಿದ್ರೋ ದೇವರಿಗೇ ಗೊತ್ತು. ಅವರು ಒಬ್ರೇ ಹಾಡಿದ್ದು ಅವರ ಫೋನಲ್ಲಿ ಉಂಟಲ್ಲ, ಅದು. ನಿಮ್ಮ ವಿಡಿಯೊ ಮತ್ತೆ ತೆರೀಲೇ ಇಲ್ಲ. 'ನನಗೆ ಇದು ಸರಿ ಕೇಳ್ತದೆ ಅನ್ನಿ, ಅದೇ ನನಗೆ ಹೆದರಿಕೆ' ಅಂತಾರೆ. ಡಾಕ್ಟ್ರ ಹತ್ರ ಹೋದೆವು. ಕಿವಿ ಸರಿ ಉಂಟು ಅಂದ್ರು ಡಾಕ್ಟ್ರು. ಇವರು ನಂಬೋದಿಲ್ಲ. ಬೀಪ್ ಕೇಳೋದು ಬೇರೆ, ಸ್ವರ ಹಿಡಿಯೋದು ಬೇರೆ, ಅನಿತಾಳ ಕಿವಿ ತಪ್ಪೋದಿಲ್ಲ ಅಂತಾರೆ. ಈ ಕಿವಿ ಇಟ್ಕೊಂಡು ಲಿಫ್ಟ್ ಸರಿ ಉಂಟು ಅಂತ ಸಹಿ ಹಾಕಿದ್ರೆ ಒಂದು ದಿನ ಯಾರೋ ಸಾಯ್ತಾರೆ ಅಂತ ಬಿಟ್ಟುಬಿಟ್ರು."

ಕೆಲಸದ ಪಾಸ್ ಕಂಪನಿಯದು. ಕೆಲಸ ಬಿಟ್ಟರೆ ಈ ದೇಶದಲ್ಲಿ ಇರುವ ಹಾಗಿಲ್ಲ. ವಿಮಾನಗಳು ಸರಿಯಾಗಿ ಇಲ್ಲದ್ದರಿಂದ ತಿಂಗಳಿಗೊಮ್ಮೆ ಅರ್ಜಿ ಕೊಟ್ಟು ಇನ್ನೊಂದು ತಿಂಗಳ ಅನುಮತಿ ಪಡೆದು ಉಳಿದಿದ್ದರು. ನಾನು "ಅಯ್ಯೋ ಪಾಪ" ಎಂದೆ. ಸಂಕಟವಾದದ್ದು ಸುಳ್ಳಲ್ಲ. ಆದರೆ ಡಾಕ್ಟರಿಗಿಂತ ನನ್ನ ಕಿವಿ ದೊಡ್ಡದು ಎಂಬ ಮಾತು ಒಳಗೊಳಗೆ ಸಿಹಿಯಾಗಿಯೇ ಇಳಿಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಸೆಪ್ಟೆಂಬರಿನ ಕೊನೆಗೆ ಅವರಿಗೆ ಮುಂದಿನ ವಾರದ ಟಿಕೆಟ್ ಸಿಕ್ಕಿತು. ಬೀಳ್ಕೊಡುವ ವಿಡಿಯೊ ಒಂದು ಮಾಡೋಣ ಎಂದು ಹಳೆಯ ಫೋಟೊ ಹುಡುಕುತ್ತ ಗುಂಪಿನ ಸಂದೇಶಗಳನ್ನು ಹಿಂದಕ್ಕೆ ತಳ್ಳುತ್ತ ಹೋದೆ. ನವೆಂಬರ್ ೨೦೨೦ರಲ್ಲಿ ಅವರದೊಂದು ಉದ್ದದ ಸಂದೇಶ ಇತ್ತು. ಹೋಗುವ ಮನುಷ್ಯ, ಒಂದನ್ನಾದರೂ ಪೂರ್ತಿ ಓದೋಣ ಎಂದು ಕೂತೆ.

ಮೊದಲರ್ಧ ಎಂದಿನ ಪಾಠ. ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಎಲ್ಲರಿಗೂ ಒಂದೇ ಶ್ರುತಿ ಎಂಬುದಿರಲಿಲ್ಲ, ಊರಿಗೊಂದು ಇಗರ್ಜಿ, ಇಗರ್ಜಿಗೊಂದು ಆರ್ಗನ್, ಆರ್ಗನ್ನಿಗೊಂದು ಶ್ರುತಿ. ಈಗ ಆ ಕಾಲದ ಸಂಗೀತವನ್ನು ಆ ಕಾಲದ ಹಾಗೆ ಹಾಡುವವರು ಇಂದಿನ ಶ್ರುತಿಗಿಂತ ಅರ್ಧ ಸ್ವರ ಕೆಳಗೆ ಹಿಡಿಯುತ್ತಾರೆ. ಆಮೇಲೆ ಹೀಗಿತ್ತು:

"ಅನಿತಾ, ನಮ್ಮ ಹಾಡನ್ನೂ ಹಾಗೆ ಹಾಡಿದರೆ ಹೇಗೆ? ಹೆಣ್ಣುಮಕ್ಕಳಿಗೂ ಮೇಲೆ ಕಷ್ಟವಾಗುವುದಿಲ್ಲ. ನೀನು ಕಳಿಸಿದ ಟ್ರ್ಯಾಕನ್ನೇ ಅರ್ಧ ಸ್ವರ ಇಳಿಸಿ ಕೆಳಗೆ ಹಾಕಿದ್ದೇನೆ. ವೇಗ ಬದಲಾಗಿಲ್ಲ. ನೀನು ಒಪ್ಪಿದರೆ ಎಲ್ಲರೂ ಇದನ್ನೇ ಕೇಳಿಕೊಂಡು ಹಾಡೋಣ. ಒಪ್ಪದಿದ್ದರೆ ಮೊದಲಿನದೇ ಸರಿ."

ಅದರ ಕೆಳಗೆ ನನ್ನ ಹೆಬ್ಬೆರಳು. ಹೆಬ್ಬೆರಳಿನ ಕೆಳಗೆ ಅವರ "ಥ್ಯಾಂಕ್ಯೂ ಅನಿತಾ. ನನಗೆ ತುಂಬ ಸಂತೋಷ."

ನನ್ನ ಹೆಬ್ಬೆರಳನ್ನು ಒಪ್ಪಿಗೆ ಎಂದು ತಿಳಿದು ಅವರೊಬ್ಬರೇ ಆ ಇಳಿಸಿದ ಟ್ರ್ಯಾಕಿಗೆ ಹಾಡಿದ್ದರು. ವಿನಯನಿಗೆ ಫೋನ್ ಮಾಡಿ, ಅವರ ಫೈಲನ್ನು ಅರ್ಧ ಸ್ವರ ಏರಿಸಿ ಮತ್ತೆ ಜೋಡಿಸು ಎಂದೆ. ಐದು ನಿಮಿಷದಲ್ಲಿ ಕಳಿಸಿದ. ಕೇಳಿದೆ. ನಮ್ಮ ಹದಿನಾಲ್ಕು ಜನರಲ್ಲಿ ಅಷ್ಟು ಶುದ್ಧವಾಗಿ ಹಾಡಿದವರು ಇನ್ನೊಬ್ಬರಿರಲಿಲ್ಲ. ಎರಡನೇ ಸಾಲಿನಲ್ಲಿ ಉಸಿರು ಸಾಕಾಗಲಿಲ್ಲ, ಅವರೇ ಹೇಳಿದ ಜಾಗದಲ್ಲಿ. ಬೇರೆಲ್ಲೂ ಕೂದಲಷ್ಟು ವ್ಯತ್ಯಾಸವಿಲ್ಲ.

ಮರುದಿನ ಅವರ ಮನೆಗೆ ಹೋದೆ. ನೆಲದ ತುಂಬ ರಟ್ಟಿನ ಪೆಟ್ಟಿಗೆಗಳು. ನಾರ್ಬರ್ಟಣ್ಣ ಸೊರಗಿ ಇಳಿದುಹೋಗಿದ್ದರು. ಕೂತುಕೋ ಎಂದು ಒಂದು ಪೆಟ್ಟಿಗೆ ತೋರಿಸಿದರು. ನಾನು ಎಲ್ಲವನ್ನೂ ಹೇಳಿದೆ, ಹೆಬ್ಬೆರಳನ್ನೂ, ಇನ್ನೊಂದು ಗುಂಪನ್ನೂ ಬಿಡದೆ. ಆಮೇಲೆ ಫೋನನ್ನು ಅವರ ಕೈಗಿಟ್ಟು ಹಾಡು ಹಾಕಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ "ಇನ್ನೊಮ್ಮೆ ಹಾಕು" ಎಂದರು. ಹಾಕಿದೆ. ಅನ್ನಿಯಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಹಾಗಾದ್ರೆ ನನ್ನ ಕಿವಿ ಸರಿ ಇತ್ತು."

"ಸರಿ ಇತ್ತು ನಾರ್ಬರ್ಟಣ್ಣ. ತಪ್ಪು ನನ್ನದು. ಕಂಪನಿಯವರಿಗೆ ನಾನೇ ಹೋಗಿ ಹೇಳ್ತೇನೆ. ವಾಪಸ್ ತಗೊಳ್ಳಿ ಅಂತ ಕಾಲು ಹಿಡೀತೇನೆ."

"ಆ ಜಾಗಕ್ಕೆ ಬೇರೆಯವರು ಬಂದು ಐದು ತಿಂಗಳಾಯ್ತು" ಎಂದಳು ಅನ್ನಿಯಕ್ಕ. "ಪಾಸ್ ಕ್ಯಾನ್ಸಲ್ ಆಗಿದೆ. ಶುಕ್ರವಾರ ಫ್ಲೈಟ್."

"ನನ್ನನ್ನು ಕ್ಷಮಿಸಿ" ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನು ಎದ್ದು ಮನೆಗೆ ಹೋಗಿ ಒಂದಿಷ್ಟು ಅತ್ತು ಮಲಗುತ್ತಿದ್ದೆ.

ನಾರ್ಬರ್ಟಣ್ಣ ನನ್ನ ಫೋನನ್ನು ನನ್ನ ಕೈಗೆ ಕೊಟ್ಟರು.

"ಒಂಬತ್ತು ತಿಂಗಳು ಇದು ದೇವರು ಕೊಟ್ಟದ್ದು ಅಂತ ಸುಮ್ಮನೆ ಇದ್ದೆ ಅನಿತಾ. ಅಪ್ಪನಿಗೆ ಬಂದದ್ದು ನನಗೂ ಬಂತು ಅಂತ. ದೇವರ ಹತ್ರ ಜಗಳ ಮಾಡೋ ಹಾಗಿಲ್ಲ ಅಲ್ವಾ, ಸಮಾಧಾನ ಮಾಡಿಕೊಂಡಿದ್ದೆ. ಇನ್ನು ಊರಿಗೆ ಹೋಗಿ ಇರುವಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಮಾಡ್ತಾ ಕೂತಿರ್ಬೇಕು. ನನಗೆ ಅದು ಅಭ್ಯಾಸ ಇಲ್ಲ." ಆಮೇಲೆ ಕೇಳಿದರು, "ನೀನು ಇದನ್ನು ಹೇಳಿದ್ದು ನನಗೋಸ್ಕರವಾ?"

ಉತ್ತರ ಮೂವರಿಗೂ ಗೊತ್ತಿತ್ತು. ಅನ್ನಿಯಕ್ಕ ಬಂದು ಬಾಗಿಲು ತೆರೆದು ಹಿಡಿದಳು, ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.