ಜಮಖಾನದ ಕೆಳಗಿನ ತಂಪು

ನಮ್ಮ ಕೊಪ್ಪಳ ಸೀಮೆಯಲ್ಲಿ ಅನ್ನ ಕೊಡುವ ಯಂತ್ರದ ಮುಂದೆ ಚಪ್ಪಲಿ ಮೆಟ್ಟಿ ನಿಲ್ಲುವುದೆಂದರೆ ಬಹಳ ಮಂದಿಗೆ ಮನಸ್ಸು ಒಪ್ಪುವುದಿಲ್ಲ. ಕುಕನೂರಿನ ಹಿಟ್ಟಿನ ಗಿರಣಿಯಿರಲಿ, ಗಂಗಾವತಿಯ ಅಕ್ಕಿ ಮಿಲ್ಲಿನ ಮೋಟಾರು ಕೋಣೆಯಿರಲಿ, ಹೊಸ್ತಿಲ ಹೊರಗೆ ಚಪ್ಪಲಿಯ ಸಾಲು ಇದ್ದೇ ಇರುತ್ತದೆ. ಹೀಗಿರುವಾಗ ಡೇಟಾ ಸೆಂಟರ್ ಎಂಬ ನವನವೀನ ಜಾಗದ ಬಾಗಿಲಲ್ಲೂ ಒಂಬತ್ತು ಜೊತೆ ಚಪ್ಪಲಿ ಶಿಸ್ತಾಗಿ ಸಾಲುಗಟ್ಟಿದ್ದನ್ನು ಕಂಡಾಗ ನನಗಾದ ಖುಷಿಯನ್ನು ಹೇಗೆ ಹೇಳಲಿ! ಎಂಟು ಜೊತೆ ನನ್ನ ವಿದ್ಯಾರ್ಥಿಗಳವು, ಒಂದು ಜೊತೆ ನನ್ನದು.

ಡೇಟಾ ಸೆಂಟರ್ ಎಂದರೆ ಹೆದರಬೇಡಿ, ಮಹನೀಯರೇ. ನೀವು ಮೊಬೈಲಿನಲ್ಲಿ ತೆಗೆದ ಮೊಮ್ಮಗಳ ಫೋಟೋ, ಆಸ್ಪತ್ರೆಯ ಚೀಟಿ, ಜಮೀನಿನ ಪಹಣಿ, ಇವೆಲ್ಲ ಆಕಾಶದಲ್ಲಿ ತೇಲುತ್ತಿರುವುದಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ, ಕಪಾಟಿನಂಥ ಕರಿಯ ಪೆಟ್ಟಿಗೆಗಳೊಳಗೆ, ಹಗಲಿರುಳೂ ಗುಯ್‌ಗುಡುತ್ತ ಕೂತಿರುತ್ತವೆ. ಆ ಪೆಟ್ಟಿಗೆಗಳು ಕರೆಂಟು ಉಂಡು ಶೆಕೆ ಉಗುಳುತ್ತವೆ, ಉಗುಳಿದ ಶೆಕೆಯನ್ನು ಆರಿಸಲು ಎ.ಸಿ.ಗಳು ಮತ್ತಷ್ಟು ಕರೆಂಟು ಉಣ್ಣುತ್ತವೆ. ಈ ಉಣಿಸಿನಲ್ಲಿ ಎಷ್ಟು ದಕ್ಕಿತು, ಎಷ್ಟು ದಂಡವಾಯಿತು ಎಂದು ಅಳೆದು ನೋಡಿ ತಿದ್ದುವ ಜಾಣರನ್ನು ತಯಾರು ಮಾಡುವುದೇ ನನ್ನ ಕೆಲಸ. ಮೂವತ್ತು ವರ್ಷ ಕಾರ್ಖಾನೆಗಳ ಕರೆಂಟಿನ ಮೀಟರು ನೋಡಿ ನೋಡಿ ಕಣ್ಣು ಮಂಜಾಗುವ ಹೊತ್ತಿಗೆ, ನಮ್ಮೂರಿನಲ್ಲೇ ಇಂಥ ತರಬೇತಿ ನಡೆಸಲು ಕರೆ ಬಂದಾಗ, ಮೊಣಕಾಲು ನೋವನ್ನೂ ಮರೆತು ಕುಣಿಯುವಷ್ಟು ಹಿಗ್ಗಿದೆ.

ಎಂಟು ಮಂದಿಯಲ್ಲಿ ಏಳು ಜನ ಇಂಜಿನಿಯರುಗಳು. ಎಂಟನೆಯವರು ಗಂಗಾವತಿಯ ಮಹಬೂಬಸಾಬರು, ಎ.ಸಿ. ಮೆಕ್ಯಾನಿಕ್, ಐವತ್ತರ ಹತ್ತಿರದ ವಯಸ್ಸು. ಎ.ಸಿ.ಯ ಸದ್ದು ಕೇಳಿಯೇ ಅದರ ರೋಗ ಹೇಳುವ ಮನುಷ್ಯ. ಆದರೆ ಪದವಿ ಇಲ್ಲ. ಪದವಿ ಇಲ್ಲದವರನ್ನು ಸೇರಿಸಿಕೊಳ್ಳಲು ಮೇಲಿನವರು ಒಪ್ಪಲಿಲ್ಲ. ನಾನು ಜಗಳ ಆಡಿದೆ. ಕಡೆಗೆ ಒಂದು ಷರತ್ತಿನ ಮೇಲೆ ಬಾಗಿಲು ತೆರೆಯಿತು: ತರಬೇತಿಯ ಕಡೆಯ ದಿನವಾದ ಐದನೆಯ ದಿನ, ಹೊರಗಿನಿಂದ ಬರುವ ಪರೀಕ್ಷಕರ ಮುಂದೆ, ಇದೇ ಕೋಣೆಯಲ್ಲಿ ಕರೆಂಟು ಉಳಿಸುವ ದಾರಿಯೊಂದನ್ನು ಅವರು ತಾವೇ ಹುಡುಕಿ ತೋರಿಸಬೇಕು. ತೋರಿಸಿದರೆ ಸರ್ಟಿಫಿಕೇಟು, ಹೊಸ ಉದ್ಯೋಗ. ಇಲ್ಲದಿದ್ದರೆ ಮತ್ತೆ ಅದೇ ಏಣಿ, ಅದೇ ನಟ್ಟು ತಿರುವುವ ಪಾನಾ.

ಕೋಣೆಯೋ, ಎ.ಸಿ. ಎಷ್ಟು ತಿರುವಿದರೂ ಕಾದ ಹಂಚು! ಡೇಟಾ ಸೆಂಟರಿನವರು ಇನ್ನೊಂದು ಎ.ಸಿ. ತರಿಸುವ ಮಾತಾಡುತ್ತಿದ್ದರು, ನಾನೂ ದೊಡ್ಡ ಪಂಡಿತಳಂತೆ ಹ್ಞೂಂಗುಟ್ಟಿದ್ದೆ. ಬರಿಗಾಲಲ್ಲಿ ಓಡಾಡುವ ಸಿಬ್ಬಂದಿಯ ಪಾದಕ್ಕೆ ನೆಲ ಚುಚ್ಚುತ್ತದೆಂದು ಪೆಟ್ಟಿಗೆಗಳ ಸಾಲಿನ ಮುಂದೆ ಉದ್ದಕ್ಕೂ ಒಂದು ಕೆಂಪು ಜಮಖಾನ ಹಾಸಿದ್ದರು. ಅದರ ಮೇಲೆ ನನಗೊಂದು ಕುರ್ಚಿ. ಅಲ್ಲಿ ಕೂತು ನಾನು ಗಂಟೆಗಟ್ಟಲೆ ಪಾಠ ಹೇಳಿದೆ: ಇಂಥ ಕೋಣೆಗಳಲ್ಲಿ ಎ.ಸಿ.ಯ ಗಾಳಿ ನೆಲದಡಿಯಿಂದ ಬರುವುದುಂಟು, ತೂತಿನ ಹಾಸುಗಲ್ಲುಗಳು ಎಲ್ಲಿವೆ ಎಂದು ಮೊದಲು ಹುಡುಕಿ, ಗಾಳಿಯ ದಾರಿಗೆ ಯಾವುದೂ ಅಡ್ಡ ಇರಬಾರದು. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು.

ನಾಲ್ಕನೆಯ ದಿನ ಮಧ್ಯಾಹ್ನ ಮಹಬೂಬಸಾಬರ ನೋಟುಬುಕ್ಕು ತಿರುವಿ ಹಾಕುತ್ತಿದ್ದೆ. ಕೋಣೆಯ ನಕ್ಷೆ ಮುತ್ತಿನಂತೆ ಬರೆದಿದ್ದರು, ಮೂಲೆಮೂಲೆಯ ಶೆಕೆಯನ್ನೂ ಅಳೆದಿದ್ದರು. ನಡುವಿನ ಒಂದು ಪಟ್ಟಿ ಮಾತ್ರ ಖಾಲಿ.

"ಇದ್ಯಾಕ್ರಿ ಬಿಟ್ಟೀರಿ, ಸಾಬರ?" ಎಂದೆ.

"ಅಲ್ಲಿ ನಿಮ್ಮ ಕುರ್ಚಿ ಐತಲ್ರಿ, ಅಕ್ಕಾರ." ಕಲಿಸುವ ಹೆಂಗಸನ್ನು ನಮ್ಮ ಕಡೆ ಕರೆಯುವುದೇ ಹಾಗೆ.

"ಕುರ್ಚಿ ಇದ್ರ ಏನಾತ್ರಿ? ಅಲ್ಲೆ ಶೆಕಿ ಇರಂಗಿಲ್ಲೇನು?"

ಅವರು ತಮ್ಮ ಕಾಲಬೆರಳು ನೋಡುತ್ತ ನಿಂತರು. "ಶೆಕಿ ಅಲ್ರಿ, ತಂಪು ಐತಿ. ಜಮಖಾನದ ಬುಡಕ ಅಷ್ಟೂ ತೂತಿನ ಹಾಸಗಲ್ಲು ಅದಾವ್ರಿ. ಗಾಳಿ ಮ್ಯಾಲೆ ಬರಾಕ ದಾರಿನ ಇಲ್ಲ. ಎರಡನೇ ದಿನಾನ ಕಾಲಿಗೆ ತಂಪು ಹತ್ತಿತ್ರಿ, ಅಂಚು ಎತ್ತಿ ನೋಡಿದ್ನಿ."

"ನೋಡಿ ಸುಮ್ಮನ ಕುಂತ್ರ್ಯಾ?"

"ಕಲಿಸೋರು ಕುಂತಾರ. ಏಳ್ರಿ ಅಂತ ಹ್ಯಾಂಗ ಅನ್ನೂದ್ರಿ? ನಾಳೆ ಫಿಲ್ಟರಿನ ಧೂಳು ತೋರಿಸ್ತೀನಿ ಬಿಡ್ರಿ, ಅಷ್ಟ ಸಾಕು."

ಸಾಕಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ನನ್ನ ಮೇಲೆಯೇ ನಾಚಿಕೆ. ಶೆಕೆಗೆ ಮದ್ದು ಹೇಳುವ ಹೆಂಗಸು ತಂಪನ್ನು ಅಮುಕಿ ಕೂತಿದ್ದಳಲ್ಲ! ಈ ಮನುಷ್ಯ ನನ್ನ ಮರ್ಯಾದೆ ಕಾಯಲು ತನ್ನ ಸರ್ಟಿಫಿಕೇಟನ್ನೇ ಬಿಟ್ಟುಕೊಡಲು ತಯಾರಾಗಿದ್ದರಲ್ಲ!

ನೀವೇ ಹೇಳಿ, ಮರ್ಯಾದೆ ಎಂಬುದು ಎಂಥ ವಿಚಿತ್ರ ವಸ್ತು. ನಾವು ಅದನ್ನು ಎಷ್ಟು ಪ್ರೀತಿಯಿಂದ ಹಾಸುತ್ತೇವೆ, ಹಿರಿಯರ ಪಾದ ನೋಯದಿರಲೆಂದು ಎಷ್ಟು ನಯವಾಗಿ ಸುಕ್ಕು ತೆಗೆಯುತ್ತೇವೆ. ಅದರಡಿಯಲ್ಲಿ ಯಾವ ಗಾಳಿ ಕಟ್ಟಿಕೊಂಡಿದೆ ಎಂದು ಮಾತ್ರ ಬಗ್ಗಿ ನೋಡುವುದಿಲ್ಲ. ನಾನೂ ನನ್ನ ಮೇಷ್ಟ್ರುಗಳ ಎಷ್ಟು ತಪ್ಪು ಲೆಕ್ಕಗಳನ್ನು ಕಣ್ಣಾರೆ ಕಂಡು, ಹಲ್ಲು ಕಚ್ಚಿ, ಹಾಗೆಯೇ ಬರೆದುಕೊಂಡು ಬಂದವಳು! ಮೀಟರು ಓದುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಸಬಹುದು. ಕೂತವರನ್ನು ಏಳಿಸುವುದನ್ನು ಕಲಿಸುವುದು ಹೇಗೆ? ಜಮಖಾನವನ್ನು ಆಗಲೇ ನಾನೇ ಎಳೆದು ಬಿಸಾಡಬಹುದಿತ್ತು. ಬಿಸಾಡಿದ್ದರೆ ಆ ಶೋಧ ನನ್ನದಾಗುತ್ತಿತ್ತು, ಅವರದಲ್ಲ. "ನಾಳೆನೂ ನಾ ಅಲ್ಲೇ ಕುಂದರ್ತೀನ್ರಿ, ಎಬ್ಬಿಸೂದು ನಿಮಗ ಬಿಟ್ಟಿದ್ದು," ಎಂದಷ್ಟೇ ಹೇಳಿ ಹೊರಟೆ.

ಮರುದಿನ ಪರೀಕ್ಷಕರು ಬಂದರು. ಏಳು ಜನ ಇಂಜಿನಿಯರುಗಳು ಒಬ್ಬೊಬ್ಬರಾಗಿ ದೀಪ, ಬ್ಯಾಟರಿ, ವೈರುಗಳ ಮಾತಾಡಿ ಪಾಸಾದರು. ಮಹಬೂಬಸಾಬರ ಸರದಿ ಬಂತು. ಫಿಲ್ಟರು ತೋರಿಸಿದರು. "ಇದು ಸಾಲದು, ಬೇರೆ ಏನಾದರೂ ಉಂಟೇ?" ಎಂದರು ಪರೀಕ್ಷಕರು. ಸಾಬರು ನನ್ನ ಕಡೆ ನೋಡಿದರು. ನಾನು ಬೇಕೆಂದೇ ಗೋಡೆ ನೋಡುತ್ತ ಕೂತೆ. ಪರೀಕ್ಷಕರು ಪೆನ್ನಿನ ಟೊಪ್ಪಿಗೆ ತೆಗೆದರು.

"ಅಕ್ಕಾರ, ಏಳ್ರಿ!"

ಅಷ್ಟು ಗಟ್ಟಿ ದನಿ ಅವರಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎದ್ದೆ. ಕುರ್ಚಿ ಸರಿಸಿ, ಮೊಣಕಾಲೂರಿ, ಅಷ್ಟುದ್ದದ ಜಮಖಾನವನ್ನು ಸುರುಳಿ ಸುತ್ತಿದರು. ತಂಪು ಗಾಳಿ ಭರ್ರನೆ ಎದ್ದು ನನ್ನ ಸೀರೆಯ ನೆರಿಗೆ ಹಾರಿಸಿತು. ಊಟದ ಹೊತ್ತಿಗೆ ಪೆಟ್ಟಿಗೆಗಳ ಗುಯ್‌ಗುಡುವಿಕೆ ತಗ್ಗಿತ್ತು, ಹೊಸ ಎ.ಸಿ.ಯ ಮಾತಿರಲಿ, ಇದ್ದವುಗಳಲ್ಲೇ ಒಂದನ್ನು ಸಾಬರು ತಮ್ಮ ಕೈಯಾರೆ ಬಂದ್ ಮಾಡಿದರು. ಸಂಜೆಯವರೆಗೆ ಕಾದು ನೋಡಿದರೂ ಥರ್ಮಾಮೀಟರು ಏರಲಿಲ್ಲ.

ಸರ್ಟಿಫಿಕೇಟಿಗೆ ಸಹಿ ಹಾಕುತ್ತ ಪರೀಕ್ಷಕರು ನನ್ನನ್ನು ಕೇಳಿದರು: "ಇಷ್ಟು ದಿನ ಆ ಜಮಖಾನದ ಮೇಲೆಯೇ ಕೂತು ಪಾಠ ಹೇಳಿದಿರಾ?"

ನಾಚಬೇಕಿತ್ತು. ಹೆಮ್ಮೆ ಉಕ್ಕುತ್ತಿತ್ತು.

"ಹೌದ್ರಿ," ಎಂದೆ. "ನಾ ಹೇಳಿದ್ದನ್ನ ಎಲ್ಲಾರೂ ಬರಕೊಂಡಾರ. ಕಲತವರು ಇವರೊಬ್ಬರ ನೋಡ್ರಿ."